ಮೂರನೆಯ ಕ್ಲಚ್ ಪ್ಲೇಟು

ಕಾಟಲಿಂಗಪ್ಪನವರ ಹೊಸ ಕಾರಿಗೆ ಎಂಟು ತಿಂಗಳು ತುಂಬುವಷ್ಟರಲ್ಲಿ ಎರಡು ಕ್ಲಚ್ ಪ್ಲೇಟು ಸುಟ್ಟು ಹೋಗಿದ್ದವು. ಎಂಟು ತಿಂಗಳ ಕೂಸಿಗೆ ಹಲ್ಲು ಬರುವುದುಂಟು, ಉದುರಿದ್ದನ್ನು ಚಿತ್ರದುರ್ಗದಲ್ಲಿ ಯಾರೂ ಕಂಡಿರಲಿಲ್ಲ. ಅದೂ ಎಂಥ ಕೂಸು! ಅರ್ಜಿ ಹಾಕಿ ಆರು ವರ್ಷ ಕಾದು ಪಡೆದದ್ದು. ಅರ್ಜಿ ಹಾಕಿದಾಗ ಮಗಳು ಹೊನ್ನಕ್ಕ ಎಂಟನೇ ಕ್ಲಾಸಿನಲ್ಲಿದ್ದಳು. ಕಾರು ಬಂದು ಬಾಗಿಲಲ್ಲಿ ನಿಂತಾಗ ಅವಳ ಮದುವೆಯೇ ಮುಗಿದಿತ್ತು. (ಮದುವೆಯ ಮೆರವಣಿಗೆಗೆ ಬಾಡಿಗೆ ಕಾರು ತರಬೇಕಾಯಿತಲ್ಲ ಎಂಬ ಕೊರಗು ಅವರಿಗೆ ಇನ್ನೂ ಹೋಗಿಲ್ಲ.)

ಕಾರು ಓಡಲು ಶುರುವಾಗಿ ನಾಲ್ಕು ಮೈಲಿ ದಾಟಿದರೆ ಸಾಕು, ಒಂದು ವಾಸನೆ ಏಳುತ್ತಿತ್ತು. ಹಳೇ ಚಪ್ಪಲಿಯನ್ನು ರೊಟ್ಟಿ ಹಂಚಿನ ಮೇಲೆ ಕಾಯಿಸಿದರೆ ಬರುವಂಥದ್ದು. ಆಮೇಲೆ ಏರು ಸಿಕ್ಕಿದರೆ ಇಂಜಿನ್ನು ಅಬ್ಬರಿಸುತ್ತಿತ್ತೇ ಹೊರತು ಚಕ್ರಕ್ಕೆ ಆ ಸುದ್ದಿ ಮುಟ್ಟುತ್ತಿರಲಿಲ್ಲ. ಮೊದಲ ಪ್ಲೇಟು ಸುಟ್ಟಾಗ ಕಾಟಲಿಂಗಪ್ಪನವರು ರಸ್ತೆಯನ್ನು ಬೈದರು. ಎರಡನೆಯದು ಸುಟ್ಟಾಗ ಕಂಪನಿಯನ್ನು ಬೈದರು, ಬೈದು ಸಮಾಧಾನವಾಗದೆ ಕಾಗದವನ್ನೂ ಬರೆದರು. ಒಂದಲ್ಲ, ಏಳು ಕಾಗದ. ಏಳನೆಯದಕ್ಕೆ ಉತ್ತರ ಬಂತು: ವಾಹನದಲ್ಲಿ ಯಾವ ದೋಷವೂ ಇದ್ದಂತಿಲ್ಲ, ತಾವು ಚಲಾಯಿಸುವ ಕ್ರಮವನ್ನು ದಯವಿಟ್ಟು ಪರಿಶೀಲಿಸಿಕೊಳ್ಳುವುದು. ಆ ದಿನ ಅವರು ಮಧ್ಯಾಹ್ನದ ಊಟ ಬಿಟ್ಟರು. ಹೆಂಡತಿ ಮುದ್ದಕ್ಕ ಮಾತ್ರ ಕಾಗದವನ್ನು ಎರಡು ಸಲ ಓದಿಸಿ ಕೇಳಿ, ಅದನ್ನು ದೇವರ ಗೂಡಿನಲ್ಲಿ ಜೋಪಾನವಾಗಿ ಇಟ್ಟಳು.

ಮುದ್ದಕ್ಕನದೂ ಒಂದು ಚಿಕಿತ್ಸೆ ನಡೆದಿತ್ತು. ಮಂಗಳವಾರ ಶುಕ್ರವಾರ ಕಾರಿಗೆ ಒಣಮೆಣಸಿನಕಾಯಿ ನಿವಾಳಿಸಿ ಅದರ ಮುಂದೆಯೇ ಸುಡುತ್ತಿದ್ದಳು. ಅದರಿಂದ ದೃಷ್ಟಿ ಹೋಯಿತೋ ಇಲ್ಲವೋ, ಮೆಣಸಿನಕಾಯಿ ಘಾಟು ಯಾವುದು ಕ್ಲಚ್ಚಿನ ಘಾಟು ಯಾವುದು ಎಂದು ಯಾರಿಗೂ ತಿಳಿಯದಂತಾಯಿತು.

ಇನ್ನು ಮೆಕ್ಯಾನಿಕ್ ರೌಫ್. ಮೆದೇಹಳ್ಳಿ ರಸ್ತೆಯಲ್ಲಿ ಅವನ ಗ್ಯಾರೇಜು. ಲಾರಿಯ ಕೆಮ್ಮು ಕೇಳಿ ಅದರ ವಯಸ್ಸು ಹೇಳುವ ಗಟ್ಟಿಗ. ಅವನು ಮೂರನೆಯ ಪ್ಲೇಟು ಹಾಕಿ, ತಾನೇ ಕಾರನ್ನು ಹಿರಿಯೂರಿನ ತನಕ ಓಡಿಸಿಕೊಂಡು ಹೋಗಿ ವಾಪಸ್ಸು ತಂದ. ವಾಸನೆಯಿಲ್ಲ, ಅಬ್ಬರವಿಲ್ಲ. ಕಾರು ಅವನ ಕೈಯಲ್ಲಿ ಅತ್ತೆ ಮನೆಗೆ ಬಂದ ಹೊಸ ಸೊಸೆಯ ಹಾಗೆ ತಗ್ಗಿ ಬಗ್ಗಿ ನಡೆದುಕೊಂಡಿತ್ತು. ಕೊನೆಗೆ ಅವನು ಕೈ ಒರೆಸಿಕೊಳ್ಳುತ್ತ, ನೆಲ ನೋಡುತ್ತ ಕೇಳಿದ.

"ಸಾವ್ಕಾರ್ರೆ, ತಪ್ಪು ತಿಳೀಬ್ಯಾಡ್ರಿ. ಗಾಡಿ ಓಡ್ಸೋವಾಗ ಕ್ಲಚ್ಚಿನ ಮ್ಯಾಲೆ ಕಾಲಿಟ್ಕಂಡೇ ಇರ್ತೀರೇನು?"

"ನನ್ನ ಕಾಲು ಎಲ್ಲೈತೆ ಅಂತ ನಂಗೆ ಗೊತ್ತಿರಲ್ವೇನಪ್ಪ?" ಎಂದರು ಕಾಟಲಿಂಗಪ್ಪನವರು.

ಅವರು ಸುಳ್ಳು ಹೇಳಲಿಲ್ಲ. ಪಾಪ, ತಮಗೆ ಗೊತ್ತಿದೆ ಎಂದೇ ಅವರು ನಂಬಿದ್ದರು. ರೌಫ್ ಇಣುಕಿ ನೋಡೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಕಾಟಲಿಂಗಪ್ಪನವರು ಕಂಬಳಿ ವ್ಯಾಪಾರಸ್ಥರು. ಅದಕ್ಕಿಂತ ಮುಂಚೆ, ಹಿರೇಗುಂಟನೂರಿನಲ್ಲಿ ಇಪ್ಪತ್ತೆರಡು ವರ್ಷ, ಸ್ವತಃ ಗುಂಡಿ ತೋಡಿ ಹೂಡಿದ ಕುಣಿಮಗ್ಗದಲ್ಲಿ ಕುಂತು ಕಂಬಳಿ ನೇಯ್ದವರು. ತಾವು ನೇಯ್ದ ಮೊದಲ ಕರಿ ಕಂಬಳಿಯನ್ನು ಡ್ರೈವರ್ ಸೀಟಿಗೆ ಗದ್ದಿಗೆಯ ಹಾಗೆ ಹಾಸಿ, ಉಳಿದರ್ಧವನ್ನು ಮುಂದಕ್ಕೆ ತಂದು ತೊಡೆಯ ಮೇಲಿಂದ ಪಾದದವರೆಗೆ ಇಳಿಬಿಡದೆ ಅವರು ಕಾರಿನ ಬೀಗದ ಕೈ ತಿರುಗಿಸಿದವರಲ್ಲ. ಬಿಳೀ ಪಂಚೆಗೆ ಧೂಳು ಹಿಡಿಯಬಾರದು ಎಂಬುದು ಒಂದು ಕಾರಣ, ಕುಲದ ಕಂಬಳಿ ಮೈಮೇಲಿದ್ದರೆ ಅಪಘಾತವಾಗದು ಎಂಬುದು ಇನ್ನೊಂದು. ಹೀಗಾಗಿ ಆ ಕಾರಿನ ಪೆಡಲ್ಲುಗಳ ಮೇಲೆ ಏನು ನಡೆಯುತ್ತಿದೆ ಎಂಬುದು ಬೀರಪ್ಪ ದೇವರಿಗೆ ಮಾತ್ರ ಕಾಣುತ್ತಿತ್ತು.

ಇಂಥ ಸಮಯಕ್ಕೆ ಅಳಿಯ ನಾಗರಾಜಪ್ಪನಿಗೆ ಕೆಲಸ ಸಿಕ್ಕಿತು. ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕುಂತು, ಮಾವನ ಮನೆಗೆ ಬಂದಾಗಲೆಲ್ಲ ಎರಡನೇ ಸಲ ಮುದ್ದೆ ಹಾಕಿಸಿಕೊಳ್ಳಲು ನಾಚುತ್ತಿದ್ದ ಹುಡುಗ. ಹುಬ್ಬಳ್ಳಿಯ ಆಫೀಸು. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹಾಜರಾಗಬೇಕು, ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರಿಗೆ ಆ ಜಾಗ ಎಂದು ಆರ್ಡರಿನಲ್ಲೇ ಬರೆದಿತ್ತು. ಗುರುವಾರ ಸಂಜೆ ನಾಲ್ಕು ಗಂಟೆಗೆ ಚಿಕ್ಕಜಾಜೂರಿನಲ್ಲಿ ಹುಬ್ಬಳ್ಳಿ ರೈಲು. ಗಂಡ ಹೆಂಡತಿ ಇಬ್ಬರೂ ಸಂಸಾರದ ಪಾತ್ರೆ ಪಡಗ ಕಟ್ಟಿಕೊಂಡು ಅದನ್ನು ಹಿಡಿಯಬೇಕು.

ಒಂದು ಗಂಟೆಯ ಬಸ್ಸಿಗೆ ಹೊರಟರೆ ಸರಿಹೋಗುತ್ತದೆ ಎಂದಳು ಮುದ್ದಕ್ಕ. ಬೆಳಗ್ಗೆಯೇ ಜಾಜೂರಿಗೆ ರೈಲಿದೆಯಲ್ಲ ಎಂದ ಅಳಿಯ, ಮೆಲ್ಲಗೆ. ಕಾಟಲಿಂಗಪ್ಪನವರು ಇಬ್ಬರನ್ನೂ ನೋಡಿದ ನೋಟ ನೋಡಿ ಹೊನ್ನಕ್ಕ ಒಳಗೆ ಹೋದಳು.

"ಬಾಗಿಲಲ್ಲಿ ಕಾರು ನಿಂತಿರುವಾಗ ಅಳಿಯನ್ನ ಬಸ್ಸಲ್ಲಿ ತುಂಬಿ ಕಳಿಸಿದ್ರೆ ದುರ್ಗದ ಜನ ನನ್ನ ಮಕಕ್ಕೆ ಏನಂತ ಉಗೀತಾರೆ?"

"ಕಾರು ದಾರೀಲಿ ನಿಂತ್ರೆ ಉಗಿಯಾಕೆ ಹೊಳಲ್ಕೆರೆ ಜನಾನೂ ಸೇರ್ಕಂತಾರೆ," ಎಂದಳು ಮುದ್ದಕ್ಕ.

ಅಲ್ಲಿಗೆ ತೀರ್ಮಾನವಾಯಿತು. ಗಂಡ ಹಟ ಹಿಡಿಯಲು ಹೆಂಡತಿಯ ಒಂದು ಬುದ್ಧಿಮಾತು ಸಾಕು. ಗುರುವಾರ ಬೆಳಗಾಗುವ ಮುಂಚೆಯೇ ಕಾರು ತೊಳೆದಾಯಿತು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟಾಯಿತು. ಹನ್ನೆರಡೂವರೆಗೆ, ಬಸ್ಸಿಗಿಂತ ಅರ್ಧ ಗಂಟೆ ಮುಂಚೆ, ಮೆರವಣಿಗೆ ಹೊರಟಿತು. ಮುಂದೆ ಮಾವ ಅಳಿಯ. ಹಿಂದೆ ತಾಯಿ ಮಗಳು, ಅವರ ನಡುವೆ ಒಂದು ಟ್ರಂಕು, ಕೊಳಗ, ಲಟ್ಟಣಿಗೆ, ಊಟಕ್ಕೆ ಕೂರುವ ಮರದ ಮಣೆ ಎರಡು, ಮೇಲೊಂದು ಉಪ್ಪಿನಕಾಯಿ ಜಾಡಿ.

ಊರು ದಾಟುವವರೆಗೆ ಎಲ್ಲವೂ ಚೆನ್ನಾಗಿತ್ತು. ಆಮೇಲೆ ವಾಸನೆಯ ಕಾವಲು ಶುರುವಾಯಿತು. ನಾಲ್ಕು ಜನರೂ ಮೂಗಿನಲ್ಲಿ ಜೀವ ಇಟ್ಟುಕೊಂಡು ಕುಳಿತಿದ್ದರು. ಅಳಿಯ ಮರ್ಯಾದೆಯಿಂದ ಕಿಟಕಿಯ ಕಡೆ ಮುಖ ಮಾಡಿ ಮೂಸಿದ. ಈ ಹುಡುಗನ ಎರಡು ವರ್ಷದ ಕಾಯುವಿಕೆ, ಮಗಳ ಸಂಸಾರ, ತನ್ನ ಮಾತು, ಎಲ್ಲವೂ ಒಂದು ತಟ್ಟೆಯಷ್ಟಗಲದ ಪ್ಲೇಟಿನ ಮೇಲೆ ನಿಂತಿವೆಯಲ್ಲ ಎಂದು ಕಾಟಲಿಂಗಪ್ಪನವರು ಲೆಕ್ಕ ಹಾಕಿದರು. ನಿಜ ಹೇಳಬೇಕೆಂದರೆ ಅವರಿಗೆ ಭಯವಾಗಿತ್ತು. ಭಯ ಹೆಚ್ಚಾದಂತೆ ಅವರು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದರು, ಕಂಬಳಿಯ ಕೆಳಗೆ ಇನ್ನೇನೋ ಬಿಗಿಯಾಯಿತು, ಐದನೇ ಮೈಲಿಗಲ್ಲು ದಾಟುತ್ತಲೇ ಚಪ್ಪಲಿ ಹಂಚಿನ ಮೇಲೆ ಬಿತ್ತು.

ಹೊನ್ನಕ್ಕ ಉಪ್ಪಿನಕಾಯಿ ಜಾಡಿಯ ಬಾಯಿ ಬಿಚ್ಚಿ ನೋಡಿ ಮತ್ತೆ ಕಟ್ಟಿದಳು. ಅರ್ಧ ದಾರಿಯಲ್ಲಿ ಒಂದು ಏರು ಬಂತು. ಇಂಜಿನ್ನು ಅಬ್ಬರಿಸಿತು, ಕಾರು ಮುಂದಕ್ಕೆ ಹೋಗಲೋ ಬೇಡವೋ ಎಂದು ಯೋಚಿಸಿತು, ಯೋಚಿಸುತ್ತಲೇ ನಿಂತಿತು.

ಎಲ್ಲರೂ ಕೆಳಗಿಳಿದರು, ಕಾಟಲಿಂಗಪ್ಪನವರೊಬ್ಬರನ್ನು ಬಿಟ್ಟು. ಇಳಿದರೆ ಸೋಲೊಪ್ಪಿದ ಹಾಗೆ. ಸ್ಟೇರಿಂಗ್ ಹಿಡಿದೇ ಕುಳಿತು ಕಂಪನಿಯ ವಂಶಾವಳಿ ಎತ್ತಿದರು. ಎಂಟನೆಯ ಕಾಗದದ ಒಕ್ಕಣೆಯನ್ನೂ ಗಟ್ಟಿಯಾಗಿ ಹೇಳಿಕೊಂಡರು. ಅಷ್ಟರಲ್ಲಿ ಒಂದು ಗಂಟೆಯ ಬಸ್ಸು ಹಿಂದಿನಿಂದ ಬಂದು ನಿಂತು, ಕಂಡಕ್ಟರು ತಲೆ ಹೊರಗೆ ಹಾಕಿ, "ಬರ್ರಿ, ಜಾಗ ಐತೆ" ಎಂದ. ಕಾಟಲಿಂಗಪ್ಪನವರು ಗಾಳಿಗೆ ನಿಲ್ಲಿಸಿದ್ದೇವೆ ಎಂದು ಹೇಳಿ ಕೈ ಬೀಸಿದರು. ಬಸ್ಸು ಅವರ ಮೇಲೆ ಧೂಳೆರಚಿ ಏರು ಹತ್ತಿ ಮರೆಯಾಯಿತು. ನಾಗರಾಜಪ್ಪ ಅದು ಹೋದ ದಾರಿಯನ್ನೇ ನೋಡುತ್ತ ನಿಂತ. ಅವನ ಜೇಬಿನಲ್ಲಿದ್ದ ಆರ್ಡರು ಬೆವರಿಗೆ ಒದ್ದೆಯಾಗಿತ್ತು.

ಮುದ್ದಕ್ಕ ಗಂಡನ ಬಾಗಿಲ ಬಳಿ ಬಂದು ಕಿವಿ ಕೊಟ್ಟಳು. ಏನೋ ಕೇಳುತ್ತಿತ್ತು. ಇಂಜಿನ್ನು ಆರಿತ್ತು, ಗಾಳಿಯೂ ಇರಲಿಲ್ಲ, ಆದರೂ ಕಂಬಳಿಯ ಒಳಗಿನಿಂದ ಕಿರ್ರ್, ಕಿರ್ರ್ ಎಂದು ಸ್ಪ್ರಿಂಗಿನ ಸದ್ದು. ಮದುವೆಯಾಗಿ ಬಂದಾಗಿನಿಂದ ಮಗ್ಗದ ಗುಂಡಿಯ ಪಕ್ಕದಲ್ಲಿ ನೂಲು ಸುತ್ತುತ್ತ ಕುಂತವಳಿಗೆ ಆ ಲಯ ಗುರುತು ಸಿಕ್ಕದೆ ಇರುತ್ತದೆಯೇ? ಅವಳು ಬಾಗಿಲು ತೆಗೆದು, ಹಬ್ಬದ ದಿನ ದೇವರ ಪರದೆ ಸರಿಸುವಂತೆ ಕಂಬಳಿಯನ್ನು ಎತ್ತಿ ಹಿಡಿದಳು.

ಕಾಟಲಿಂಗಪ್ಪನವರ ಎಡಗಾಲು ಕ್ಲಚ್ಚಿನ ಮೇಲಿತ್ತು. ಇತ್ತು ಎಂದರೆ ಸಾಲದು, ನೇಯುತ್ತಿತ್ತು. ಮಗ್ಗದ ಮೆಟ್ಟುಮಣೆಯನ್ನು ತುಳಿಯುವ ಹಾಗೆ ಒತ್ತುತ್ತ, ಸಡಿಲಿಸುತ್ತ, ಒತ್ತುತ್ತ.

"ಬಂಡಿ ನಿಂತೈತೆ," ಎಂದಳು ಮುದ್ದಕ್ಕ. "ಕಾಲು ನಿಂತಿಲ್ಲ."

ಕಾಟಲಿಂಗಪ್ಪನವರು ಬಗ್ಗಿ ನೋಡಿದರು. ಯಾರದೋ ಕಾಲನ್ನು ನೋಡಿದ ಹಾಗೆ ನೋಡಿದರು. ಏಳು ಕಾಗದ, ಎರಡು ಪ್ಲೇಟು, ರೌಫನ ಪ್ರಶ್ನೆ, ಎಲ್ಲವೂ ಒಟ್ಟಿಗೆ ನೆನಪಾಗಿ ಕಿವಿ ಬಿಸಿಯಾಯಿತು. ಕುಣಿಲಾರದವಳು ನೆಲ ಡೊಂಕು ಅಂದಳಂತೆ, ಇವರು ದುರ್ಗದಿಂದ ಹಿಡಿದು ಕಂಪನಿಯ ತನಕ ನೆಲವನ್ನೆಲ್ಲ ಡೊಂಕು ಅಂದಿದ್ದರು. ಅಳಿಯ ದೂರದ ಗುಡ್ಡವನ್ನು ತುಂಬ ಆಸಕ್ತಿಯಿಂದ ನೋಡತೊಡಗಿದ.

"ತೆಗೆದೆ ಕಣೆ," ಎಂದು ಅವರು ಕಾಲು ತೆಗೆದು ಪಕ್ಕದಲ್ಲಿಟ್ಟರು. ಮೂರು ಉಸಿರು ಎಳೆಯುವುದರಲ್ಲಿ ಕಾಲು ತನ್ನ ಪಾಡಿಗೆ ತಾನು ವಾಪಸ್ಸು ಹೋಯಿತು.

ಆಗ ಮುದ್ದಕ್ಕನಿಗೆ ಹೊಳೆದದ್ದು ಯಾವ ಇಂಜಿನಿಯರಿಗೂ ಹೊಳೆಯುವಂಥದ್ದಲ್ಲ. ಹಿಂದಿನಿಂದ ಒಂದು ಊಟದ ಮಣೆ ಎಳೆದು ತಂದು, ಕ್ಲಚ್ಚಿನ ಎಡಕ್ಕೆ ಕಾರಿನ ಮುಂದಿನ ತಗಡಿಗೆ ಆನಿಸಿ ಓರೆಯಾಗಿ ನಿಲ್ಲಿಸಿದಳು. "ಇದನ್ನ ಎಷ್ಟು ಬೇಕಾರೂ ತುಳ್ಕಳ್ರಿ. ಅದ್ರ ತಂಟೆಗೆ ಹೋಗ್ಬ್ಯಾಡ್ರಿ," ಎಂದಳು. ಕಾಲಿಗೆ ಮಣೆ ಸಿಕ್ಕಿತು. ಮರದ ಮೇಲೆ ಅಂಗಾಲು ಇಟ್ಟ ಕೂಡಲೇ ಕಾಟಲಿಂಗಪ್ಪನವರ ಹೆಗಲು ಇಳಿಯಿತು, ದವಡೆ ಸಡಿಲವಾಯಿತು. ಅರ್ಧ ಗಂಟೆ ಕ್ಲಚ್ಚು ಆರಿಸಿ, ಕಾರು ಹೊರಡಿಸಿ, ಒಂದು ಸಲ ಕಾಲು ಮಣೆಗೆ ಹೋಯಿತೋ ಇಲ್ಲವೋ, ಕಾರು ಬಾಣದ ಹಾಗೆ ಏರು ಹತ್ತಿತು. ವಾಸನೆಯಿಲ್ಲ, ಅಬ್ಬರವಿಲ್ಲ. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಅವರು ತಮ್ಮ ಕಾರಿನಲ್ಲಿ ನೆಮ್ಮದಿಯಾಗಿ ಉಸಿರಾಡಿದರು. ಹೊಳಲ್ಕೆರೆ ಹತ್ತಿರವಾಗುವಷ್ಟರಲ್ಲಿ, ಆ ಮಣೆಯ ಆಲೋಚನೆ ತಮಗೆ ಮೊದಲೇ ಬಂದಿತ್ತು ಎಂದು ಅಳಿಯನಿಗೆ ಹೇಳಲು ಶುರು ಮಾಡಿದ್ದರು.

ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಅದೇ ಬಸ್ಸು ನಿಂತಿತ್ತು. ಡ್ರೈವರು ಊಟಕ್ಕೆ ಹೋಗಿದ್ದ, ಮೂರು ಗಂಟೆಗೆ ಹೊರಡುವುದು. ಗಂಟೆ ಎರಡೂ ಮುಕ್ಕಾಲು. ಮುದ್ದಕ್ಕ, ಇಲ್ಲಿಂದಾದರೂ ಹುಡುಗರನ್ನು ಬಸ್ಸು ಹತ್ತಿಸೋಣ, ಖಂಡಿತ ಮುಟ್ಟುತ್ತಾರೆ ಎಂದಳು. ನಾಗರಾಜಪ್ಪ ಬಾಗಿಲಿನ ಹಿಡಿಯ ಮೇಲೆ ಕೈಯನ್ನೂ ಇಟ್ಟ.

"ರೋಗ ಸಿಕ್ಕೈತೆ, ಔಷಧಾನೂ ಸಿಕ್ಕೈತೆ. ಈಗ್ಯಾಕೆ ಬಸ್ಸು? ಹೋಗಾಣ," ಎಂದು ಕಾಟಲಿಂಗಪ್ಪನವರು ಹಾರ್ನ್ ಮಾಡಿಕೊಂಡು ಬಸ್ಸಿನ ಮುಂದೆಯೇ ಹಾದು ಹೋದರು. ಗಾಳಿಗೆ ನಿಲ್ಲಿಸಿದ್ದವರ ಗಾಡಿಯನ್ನು ಕಂಡಕ್ಟರು ಸರಿಯಾಗಿ ನೋಡಲಿ ಎಂದು ನಿಧಾನವಾಗಿಯೇ ಹೋದರು.

ಊರು ದಾಟಿ ಎರಡು ಫರ್ಲಾಂಗು ಹೋಗಿರಬಹುದು, ರಸ್ತೆ ತುಂಬ ಕುರಿಮಂದೆ. ನೂರಿನ್ನೂರು ಕುರಿ, ಹೆಗಲ ಮೇಲೆ ಕಂಬಳಿ ಹೊದ್ದ ಒಬ್ಬ ಮುದುಕ, ಒಂದು ನಾಯಿ. ಕಾಟಲಿಂಗಪ್ಪನವರು ಬ್ರೇಕು ಹಾಕಿದರು. ಜೊತೆಗೆ ಎಡಗಾಲಲ್ಲಿ ಬಲವಾಗಿ ಒತ್ತಿದರು. ಕಾರು ಬಿಕ್ಕಳಿಸಿ ನಿಂತಿತು. ಮತ್ತೆ ಚಾಲೂ ಮಾಡಿದರೆ ಗಕ್ಕನೆ ಹಾರಿ ಎರಡು ಕುರಿಗಳ ಬಾಲ ಮುಟ್ಟಿ ಮತ್ತೆ ನಿಂತಿತು. ಅವರು ಎಡಗಾಲನ್ನು ಇನ್ನೂ ಬಲವಾಗಿ ಒತ್ತಿ, ಸ್ಟೇರಿಂಗ್ ಪಕ್ಕದ ಗೇರಿನ ಕಡ್ಡಿ ಹಿಡಿದು ಜಗ್ಗಿದರು. ಹೇಗೋ ಕಡ್ಡಿ ನಡುವೆ ಬಂತು, ಇಂಜಿನ್ನು ಚಾಲೂ ಆಯಿತು. ಮತ್ತೆ ಗೇರಿಗೆ ಹಾಕಲು ಹೋದರೆ ಕರಕರ ಎಂದು ಒಂದು ಸದ್ದು ಬಂತು, ಅಷ್ಟೂ ಕುರಿ ತಲೆ ಎತ್ತಿ ನೋಡಿದವು. ಇನ್ನೊಮ್ಮೆ ಜಗ್ಗಿದರು. ಇನ್ನೊಮ್ಮೆ.

"ಏನಪ್ಪ, ಗಾಡಿ ಹಲ್ಲು ಕಡೀತೈತೆ," ಎಂದ ಮುದುಕ, ಕನಿಕರದಿಂದ.

ನಾಗರಾಜಪ್ಪ ಮೊದಲ ಸಲವೇ ನೋಡಿದ್ದ. ಆದರೆ ಮಾವನ ಕಾಲಿನ ಬಗ್ಗೆ ಅಳಿಯ ಬಾಯಿ ಬಿಡುವುದು ಹೇಗೆ? ಆಗಲೇ ಒಂದು ಸಲ ಆ ಕಾಲಿಗೆ ಅವಮಾನವಾಗಿದೆ. ಅವನು ನುಂಗಿಕೊಂಡ, ಇನ್ನೂ ಒಂದು ಸಲ ನುಂಗಿಕೊಂಡ, ಕೊನೆಗೆ ನಾಲ್ಕು ಗಂಟೆಯ ರೈಲು ಕಣ್ಣ ಮುಂದೆ ಬಂದಾಗ ಕಿಟಕಿಯಾಚೆ ನೋಡುತ್ತ ಹೇಳಿದ.

"ಮಾವ, ನೀವು ತುಳೀತಿರಾದು ಮಣೆ."

ಹೊತ್ತು ಮೀರಿತ್ತು. ಕಡ್ಡಿ ಕೊನೆಯ ಸಲ ಕರ್ರೆಂದು ರಿವರ್ಸಿನಲ್ಲಿ ಕೂತದ್ದು ಮತ್ತೆ ಏಳಲಿಲ್ಲ. ಮಾವ ಎಳೆದರು, ಅಳಿಯ ಎಳೆದ, ಇಬ್ಬರೂ ಸೇರಿ ಎಳೆದರು. ಕುರಿಮಂದೆ ದಾಟಿ ರಸ್ತೆ ಖಾಲಿಯಾಯಿತು. ಚಿಕ್ಕಜಾಜೂರಿನ ದಾರಿ ನೇರವಾಗಿ, ಸಪಾಟಾಗಿ, ಕರೆಯುತ್ತ ಮುಂದಿತ್ತು. ಕಾರು ಹಿಂದಕ್ಕೆ ಮಾತ್ರ ಹೋಗುತ್ತಿತ್ತು. ಗಂಟೆ ಮೂರಕ್ಕೆ ಎಂಟು ನಿಮಿಷ.

ಹೊನ್ನಕ್ಕ ಅಳಲು ಶುರು ಮಾಡಿದಳು. "ಹುಡುಗನ ಬಾಳು ಹಾಳು ಮಾಡ್ದೆ ಕಣೆ," ಎಂದರು ಕಾಟಲಿಂಗಪ್ಪನವರು. "ಹಿಂದಕ್ಕೆ ಬಿಟ್ರೆ ಇದು ಎಲ್ಲಿಗೂ ಹೋಗಲ್ಲ."

"ಬಸ್ ಸ್ಟ್ಯಾಂಡೂ ಹಿಂದೇನೇ ಐತಲ್ಲ," ಎಂದಳು ಮುದ್ದಕ್ಕ.

ಅವಳು ಮಣೆಯನ್ನು ಕಿತ್ತು ಹಿಂದಕ್ಕೆ ಎಸೆದಳು, ಕಂಬಳಿಯನ್ನು ಸುತ್ತಿ ಅಳಿಯನ ತೊಡೆಯ ಮೇಲೆ ಇಟ್ಟಳು. ತಾನು ಹಿಂದಿನ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, "ನಾನು ತುಳೀರಿ ಅಂದಾಗ ತುಳೀರಿ, ಬಿಡ್ರಿ ಅಂದಾಗ ಬಿಡ್ರಿ," ಎಂದಳು. ಹೀಗೆ ಕಾಟಲಿಂಗಪ್ಪನವರ ಹೊಸ ಕಾರು ಹೊಳಲ್ಕೆರೆಯನ್ನು ಆ ದಿನ ಎರಡನೇ ಸಲ ಪ್ರವೇಶಿಸಿತು, ಈ ಸಲ ಬೆನ್ನು ಮುಂದಾಗಿ. ಒಂದು ಎತ್ತಿನ ಗಾಡಿ ಪಕ್ಕಕ್ಕೆ ಸರಿದು ನಮಸ್ಕಾರ ಮಾಡಿತು (ಮಾಡಿದ್ದು ಗಾಡಿಯವನು, ಭಯಕ್ಕೆ). ಸೋಡಾ ಅಂಗಡಿಯವನು ಗೋಲಿ ಒತ್ತುವುದನ್ನು ಮರೆತ. ತುಳೀರಿ, ಬಿಡ್ರಿ, ಎಡಕ್ಕೆ, ಆ ಎಡ ಅಲ್ಲ ಈ ಎಡ, ಎಂದು ಮುದ್ದಕ್ಕನ ದನಿ ಪೇಟೆಯುದ್ದಕ್ಕೂ ಕೇಳಿತು. ಕಾಟಲಿಂಗಪ್ಪನವರು ಕುತ್ತಿಗೆ ಹಿಂದಕ್ಕೆ ತಿರುಗಿಸಿಕೊಂಡು ಅವಳ ಮುಖವೊಂದನ್ನೇ ನೋಡುತ್ತ, ಅವಳು ಹೇಳಿದ್ದಕ್ಕೆ ಒಂದಿಷ್ಟೂ ಎದುರಾಡದೆ ಓಡಿಸಿದರು. ಅವರಿಬ್ಬರ ಸಂಸಾರದಲ್ಲಿ ಹಾಗೆ ಆದದ್ದು ಅದೇ ಮೊದಲು.

ಬಸ್ಸು ಹೊರಟೇ ಬಿಟ್ಟಿತ್ತು. ಹಿಂದುಹಿಂದಕ್ಕೆ ಬಂದ ಕಾರು ಅದರ ಮೂತಿಗೆ ಒಂದು ಗೇಣು ಬಿಟ್ಟು ನಿಂತಿತು. ಡ್ರೈವರು ಬೈಯಲು ಬಾಯಿ ತೆರೆದು, ಏನೆಂದು ಬೈಯಬೇಕೆಂದು ತಿಳಿಯದೆ ಮುಚ್ಚಿದ. ಕಂಡಕ್ಟರು ಇಳಿದು ಬಂದು ಟ್ರಂಕು ಎತ್ತಿಕೊಂಡ. "ಜಾಗ ಐತೆ, ಬರ್ರಿ," ಎಂದ. ಬೇರೇನೂ ಹೇಳಲಿಲ್ಲ, ಅದು ಅವನ ದೊಡ್ಡತನ. ನಾಗರಾಜಪ್ಪ ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮುಟ್ಟಿದ್ದು ಬಲಗಾಲನ್ನು ಮಾತ್ರ.

ರೈಲು ಸಿಕ್ಕಿತು. ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೇ ಹಾಜರಾದೆ ಎಂದು ಅಳಿಯ ಕಾಗದ ಬರೆದ. ದೀಪಾವಳಿಗೆ ಬರುತ್ತೇವೆ, ಸ್ಟೇಷನ್ನಿಗೆ ಕಾರು ತರುವ ತೊಂದರೆ ತೆಗೆದುಕೊಳ್ಳಬಾರದಾಗಿ ಪ್ರಾರ್ಥನೆ ಎಂದು ಕೊನೆಯಲ್ಲಿ ಗೀಟು ಎಳೆದು ಬರೆದಿದ್ದ. ಕಾರನ್ನು ಲಾರಿಗೆ ಕಟ್ಟಿ ದುರ್ಗಕ್ಕೆ ತಂದರು. ರೌಫ್ ಕಾರಿನ ಕೆಳಗೆ ಹೋಗಿ ಬಹಳ ಹೊತ್ತು ಇದ್ದು ಹೊರಗೆ ಬಂದ. ಅವನ ಮುಖದಲ್ಲಿ ಆಶ್ಚರ್ಯವಿತ್ತು.

"ಸಾವ್ಕಾರ್ರೆ, ಕ್ಲಚ್ಚಿಗೆ ಏನೂ ಆಗಿಲ್ಲ. ಇನ್ನೂ ಎರಡು ವರ್ಷ ಬರ್ತೈತೆ. ಗೇರ್ ಬಾಕ್ಸೇ ಖಲಾಸ್."

ಬೊಂಬಾಯಿಯಿಂದ ಹಲ್ಲುಚಕ್ರ ಬರಲು ಮೂರು ತಿಂಗಳು ಎಂದ. ಆ ಮೂರು ತಿಂಗಳು ಕಾಟಲಿಂಗಪ್ಪನವರ ಎಡಗಾಲು ಮನೆಯಲ್ಲಿ ಯಾರಿಗೂ ನೆಮ್ಮದಿ ಕೊಡಲಿಲ್ಲ. ಊಟಕ್ಕೆ ಕುಂತರೆ ತಟ್ಟೆ ಒದೆಯುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು, ಅದೂ ಎರಡು ಸಲ ಸುಟ್ಟು ನೋಡಿಯಾಗಿದೆಯಲ್ಲ ಎಂದು ಮುದ್ದಕ್ಕ ಒಂದು ದಿನ ಹಿತ್ತಿಲ ಪಡಸಾಲೆಯಲ್ಲಿ ಗುಂಡಿ ತೋಡಿಸಿ, ಹಿರೇಗುಂಟನೂರಿನಿಂದ ಹಳೇ ಮಗ್ಗವನ್ನು ತರಿಸಿ ಹೂಡಿಸಿಬಿಟ್ಟಳು. ಪೇಟೆಯ ಸಾವ್ಕಾರ ಮಗ್ಗಕ್ಕೆ ಇಳಿಯುವುದೇ ಎಂದು ಕಾಟಲಿಂಗಪ್ಪನವರು ಒಂದು ಗಂಟೆ ಹಾರಾಡಿದರು. ಆಮೇಲೆ ಇಳಿದರು.

ಕಾಲು ಮೆಟ್ಟುಮಣೆಯ ಮೇಲೆ ಕೂತಾಗ ಅವರಿಗೆ ಕಣ್ಣು ತುಂಬಿ ಬಂತು. ಹನ್ನೆರಡು ವರ್ಷ ಅಂಗಡಿಯ ಗಾದಿಯ ಮೇಲೆ ಕುಂತು, ತನಗೆ ಏನು ಕಡಿಮೆಯಾಗಿದೆ ಎಂದು ತಿಳಿಯದೇ ಹೋಗಿತ್ತಲ್ಲ ಎನಿಸಿತು. ತುಳಿದರು, ಎಳೆ ಬಾಯಿ ಬಿಟ್ಟಿತು, ಲಾಳಿ ಓಡಿತು. ಪಕ್ಕದಲ್ಲಿ ಮುದ್ದಕ್ಕ ನೂಲು ಸುತ್ತುತ್ತ ಕುಂತಳು. ಒಂದು ಗೇಣು ನೇಯ್ದರು, ಎರಡು ಗೇಣು ನೇಯ್ದರು, ಕೈಗೆ ಹಳೆಯ ವೇಗ ಬಂತು. ವೇಗ ಬಂದ ಕೂಡಲೇ ಅವರ ಎಡಗೈ ಲಾಳಿಯನ್ನು ಬಿಟ್ಟು, ತನ್ನಷ್ಟಕ್ಕೆ ತಾನೇ ಮೇಲೆದ್ದು, ಅಲ್ಲಿಲ್ಲದ ಒಂದು ಕಡ್ಡಿಯನ್ನು ಹಿಡಿದು ಕೆಳಕ್ಕೆ ಜಗ್ಗಿತು. ಹತ್ತು ಹದಿನೈದು ಎಳೆ ಒಟ್ಟಿಗೆ ಕಡಿದವು.

"ಎಷ್ಟನೇ ಗೇರಿಗೆ ಹಾಕಿದ್ರಿ?" ಎಂದಳು ಮುದ್ದಕ್ಕ, ತಲೆ ಎತ್ತದೆ.

ಕಾಟಲಿಂಗಪ್ಪನವರು ಕಡಿದ ಎಳೆಗಳನ್ನು ಹುಡುಕಿ ಗಂಟು ಹಾಕಲು ಬಗ್ಗಿದರು.